ನೈಸ್ ಅಂದ್ರೆ ಬೈಗುಳ ಕಣೋ
ಗುಂಡ ಹೊಸದಾಗಿ ಕಟಿಂಗ್ ಮಾಡಿಸ್ಕೊಂಡು ಫೋಟೋ ಹಾಕಿದ್ದ, ಕಿಟ್ಟಿ ಅದರ ಕೆಳಗೆ 'ನೈಸ್' ಅಂತ ಒಂದೇ ಒಂದು ಪದ ಒಗೆದಿದ್ದ. ನಾನು ಸುಮ್ನಿರ್ಬಾರ್ದಾ, ಬಾಯಿ ಹಾಕ್ದೆ.

"ಲೋ ಗುಂಡ, ಅವ್ನು ನಿನ್ನ ಪೆದ್ದ ಅಂತಿದಾನೆ ಕಣೋ."

"ಅಯ್ಯೋ ನಾನೆಲ್ಲಿ ಅಂದೆ?" ಕಿಟ್ಟಿ ಗಾಬರಿ.

ವಿಷ್ಯ ಏನಂದ್ರೆ, ಈ ನೈಸ್‌ನ ಮುತ್ತಜ್ಜ ಲ್ಯಾಟಿನ್ನಿನ ನೆಸ್ಕಿಯುಸ್. 'ನೆ' ಅಂದ್ರೆ ಇಲ್ಲ, 'ಸ್ಕೀರೆ' ಅಂದ್ರೆ ತಿಳಿಯೋದು, ಅಲ್ಲಿಗೆ ಏನೂ ತಿಳೀದವ್ನು ಅಂತಾಯ್ತು. ಅದು ಹಳೇ ಫ್ರೆಂಚ್ ಹಾದು ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ನೈಸ್ ಅಂದ್ರೆ ಶುದ್ಧ ದಡ್ಡ ಅಂತ್ಲೇ ಅರ್ಥ. ಆಮೇಲೆ ಅಂಜುಬುರುಕ, ಅದಾದ್ಮೇಲೆ ಎಲ್ಲದಕ್ಕೂ ಕೊಂಕು ತೆಗೆಯೋನು, ಅದಾದ್ಮೇಲೆ ಸೂಕ್ಷ್ಮ, ಕರಾರುವಾಕ್ಕು, ಹಿಂಗೆ ಬಡ್ತಿ ಮೇಲೆ ಬಡ್ತಿ ತಗೊಂಡು 18ನೇ ಶತಮಾನದಲ್ಲಿ 'ಚೆನ್ನಾಗಿದೆ' ಅನ್ನೋ ಕುರ್ಚೀಲಿ ಕೂತ್ಕೊಳ್ತು.

"ತಡಿ ತಡಿ, ಆ ಸ್ಕೀರೆಯಿಂದ್ಲೇ ಅಲ್ವಾ ಸೈನ್ಸ್ ಬಂದಿದ್ದು?" ಪದ್ದಿ ಕೇಳಿದ್ಲು.

ಹೂಂ, ಅದೇ! ಸೈನ್ಸು ನೈಸು ಎರಡೂ ಒಂದೇ ಮನೆ ಮಕ್ಳು, ಒಬ್ಬ ಎಲ್ಲಾ ಬಲ್ಲವ್ನು ಇನ್ನೊಬ್ಬ ಏನೂ ಅರೀದವ್ನು, ಪ್ರತಿ ಮನೇಲೂ ಇರೋ ಹಾಗೆ. ಆದ್ರೆ ಎಲ್ಲರಿಗೂ ಬೇಕಾದವ್ನು ಯಾರು ನೋಡಿ. ನೈಸ್ ವೆದರ್, ನೈಸ್ ಹುಡ್ಗ, ನೈಸ್ ಪುಸ್ತಕ, ಎಲ್ಲದಕ್ಕೂ ಅದೇ. 1817ರ ಕೊನೇಲಿ ಬಂದ ಜೇನ್ ಆಸ್ಟೆನ್ ಕಾದಂಬರಿ ನಾರ್ಥ್ಯಾಂಗರ್ ಅಬ್ಬೆಯಲ್ಲೇ ಹೀರೋ ಹುಡುಗೀನ ಇದಕ್ಕೇ ರೇಗಿಸ್ತಾನೆ, ಎಲ್ಲಾದಕ್ಕೂ ಇದೊಂದೇ ಪದ ಸಾಕಲ್ಲಪ್ಪ ಅಂತ.

"ನಾವು ಮಾತ್ರ ಅದನ್ನ ಬೇರೇನೇ ಮಾಡಿಟ್ಕೊಂಡಿದೀವಿ" ಅಂದ್ಲು ಪದ್ದಿ. "ಮರ ನೈಸಾಗಿ ಉಜ್ಜು ಅಂತೀವಿ, ಅವ್ನು ನೈಸ್ ಮಾಡಿ ಕೆಲ್ಸ ಮಾಡಿಸ್ಕೊಂಡ ಅಂತೀವಿ, ದುಡ್ಡು ಕೊಡೋ ಟೈಮಲ್ಲಿ ನೈಸಾಗಿ ಜಾರ್ಕೊಂಡ ಅಂತೀವಿ. ಯಾವ ಇಂಗ್ಲಿಷ್‌ನೋನಿಗೂ ಇದು ತಲೆಬುಡ ಅರ್ಥ ಆಗಲ್ಲ." ನಯ ಅನ್ನೋ ಮಾತು ನಮ್ಮಲ್ಲಿ ಮೊದ್ಲೇ ಇತ್ತಲ್ಲ, ನಯವಾಗಿ ಅನ್ನೋ ಜಾಗಕ್ಕೆ ನೈಸಾಗಿ ಬಂದು ಕೂತಿದ್ದು ಯಾರಿಗೂ ಗೊತ್ತೇ ಆಗಿಲ್ಲ, ಇದು ನನ್ನ ಗುಮಾನಿ.

ಇನ್ನು 'ಸಿಲ್ಲಿ' ಅನ್ನೋ ಪದದ ಕಥೆ ಪೂರ್ತಿ ಉಲ್ಟಾ. ಹಳೇ ಇಂಗ್ಲಿಷಲ್ಲಿ ಅದು ಸೇಲಿಗ್, ದೇವರ ದಯೆ ಇರೋ ಪುಣ್ಯವಂತ. ಪುಣ್ಯವಂತ ಹೋಗಿ 'ಅಯ್ಯೋ ಪಾಪ' ಅನ್ನಿಸ್ಕೊಳ್ಳೋ ಪಾಪದವ್ನಾದ, ಪಾಪದವ್ನು ಹೋಗಿ ಪೆದ್ದನಾದ. ಜರ್ಮನ್‌ನಲ್ಲಿರೋ ಅದರ ದಾಯಾದಿ ಜೇಲಿಗ್ ಮಾತ್ರ ಇವತ್ತಿಗೂ ಪುಣ್ಯವಂತನಾಗೇ ಉಳ್ಕೊಂಡಿದಾನೆ. ನಗ್ಬೇಡಿ, ಮುಗ್ಧ ಅನ್ನೋದಕ್ಕೂ ಸಂಸ್ಕೃತದಲ್ಲಿ ದಿಕ್ಕೆಟ್ಟವ್ನು, ಮಂಕ ಅನ್ನೋ ಅರ್ಥ ಇದೆ, ನಾವು ಅದನ್ನೇ ಹೊಗಳಿಕೆ ಅಂತ ಹಂಚ್ತಿದೀವಿ.

"ಸರಿನಪ್ಪ, ಈಗ ಫೋಟೋ ಕೆಳಗೆ ಏನ್ ಹಾಕ್ಲಿ ಹೇಳು" ಅಂದ ಕಿಟ್ಟಿ.

"ಸಿಲ್ಲಿ ಅಂತ ಹಾಕು, ಹಳೇ ಅರ್ಥದಲ್ಲಿ" ಅಂದ ಗುಂಡ, ದೊಡ್ಡ ಮನಸ್ಸು ಮಾಡಿ.

ಕಿಟ್ಟಿ ಹಾಕೇಬಿಟ್ಟ. ಎರಡೇ ನಿಮಿಷ, ಗುಂಡನ ಸೋದರತ್ತೆ ಅದರ ಕೆಳಗೆ "ಯಾರಪ್ಪಾ ನೀನು?" ಅಂತ ಬರೆದ್ರು. ಕಿಟ್ಟಿ ಸೇಲಿಗ್ ಪುರಾಣ ಟೈಪ್ ಮಾಡ್ತಾ ಕೂತಿರೋವಾಗ ಗುಂಡ ನೈಸಾಗಿ ಆಫ್‌ಲೈನ್ ಆದ.