ಸಹಾಯ ಬೇಕು: ಹವ್ಯಕ ಮಾತನ್ನು ಎಐಗೆ ಯಾವ ಕನ್ನಡದಲ್ಲಿ ಬರೆದು ಕೊಡೋದು?

ಶಿರಸಿ ಕಡೆಯ ಅಡಕೆ ಬೆಳೆಗಾರರು ಫೋನಿನಲ್ಲಿ ಕೇಳುವ ಪ್ರಶ್ನೆಯನ್ನು ಬರಹಕ್ಕಿಳಿಸಲು ಕಾಲೇಜು ಹುಡುಗರು ವಿಸ್ಪರ್ ಸ್ಮಾಲ್ ಅನ್ನೋ, ಮಾತು ಕೇಳಿ ಬರೆಯುವ ಎಐ ಮಾದರಿಗೆ ತರಬೇತಿ ಕೊಡ್ತಿದ್ದಾರೆ. ಇರೋದು 6 ಗಂಟೆ ಧ್ವನಿ, 16 ಕಿಲೋಹರ್ಟ್ಸ್, ತುಣುಕೆಲ್ಲ 30 ಸೆಕೆಂಡಿನೊಳಗೆ.

ಪೇಟೆ ಕನ್ನಡ ಸರಿ ಬರ್ತದೆ. "ಕೊಳೆ ಬಂಜು" (ಕೊಳೆ ರೋಗ ಬಂದಿದೆ) ಅಂತ ಹವ್ಯಕದಲ್ಲಿ ಅಂದರೆ ಮಾತ್ರ "ಬಂಜು" ಅನ್ನೋದನ್ನು ಒಮ್ಮೆ "ಬಂದಿದೆ", ಒಮ್ಮೆ "ಬಂಜೆ" ಅಂತ ಬರೀತದೆ! ಲರ್ನಿಂಗ್ ರೇಟ್ (ಪ್ರತಿ ಹೆಜ್ಜೆಗೆ ಮಾದರಿ ಎಷ್ಟು ಬದಲಾಗಬೇಕು ಅನ್ನೋ ಅಳತೆ) ಇಳಿಸಿದ್ದಾಯ್ತು, ತರಬೇತಿಯ ಧ್ವನಿಗೆ ಮಳೆ ಸದ್ದು ಬೆರೆಸಿದ್ದೂ ಆಯ್ತು, ಪ್ರಯೋಜನ ಇಲ್ಲ. ಧ್ವನಿ ಕೇಳಿ ಬರೆದವರು ಮೂವರು. ಒಬ್ಬರು ಆಡಿದ ಹಾಗೆ, ಉಳಿದವರು ಗ್ರಂಥಕನ್ನಡಕ್ಕೆ ತಿದ್ದಿ ಬರೆದಿದ್ದಾರೆ. ಮೂಲ ತಪ್ಪು ಇದೇ ಇರಬೇಕು.

ಆಡಿದ ಹಾಗೇ ಇಟ್ಟರೆ ಉತ್ತರ ಹುಡುಕುವ ಮುಂದಿನ ಹಂತಕ್ಕೆ "ಬಂಜು" ತಿಳಿಯೋದಿಲ್ಲ. ತಿದ್ದಿ ಬರೆದರೆ ಮಾದರಿ ಕೇಳುವುದರ ಜೊತೆ ಅನುವಾದವನ್ನೂ ಕಲಿಯಬೇಕು, ಅದಕ್ಕೆ 6 ಗಂಟೆ ಸಾಲದು. ನಮ್ಮ ಮಾತೂ ಅಳಿಸಿಹೋಗ್ತದೆ.

ಇಂಥ ಕೆಲಸ ಮಾಡಿದವರು ಹೇಳಿ: ಆಡಿದಂತೆ ಬರೆಸಿ, ಆಮೇಲೆ ಪದಪಟ್ಟಿಯಿಂದ ಶಿಷ್ಟರೂಪಕ್ಕೆ ತರೋದಾ, ಅಥವಾ ಮೊದಲೇ ತಿದ್ದೋದಾ?