ಅಪ್‌ಡೇಟ್: ಮಾರ್ಟಿನಿ-ಹೆನ್ರಿ ಕೋವಿ ಅಸಲಿಯೇ, ಆದರೆ ಬೆಲೆ ಒಪ್ಪುವಂಥದ್ದಲ್ಲ

ಇಂಗ್ಲೆಂಡಿನ ವ್ಯಾಪಾರಿಯೊಬ್ಬರ ಬಳಿಯಿರುವ, ಹೊಸದಾಗಿ ಪಾಲಿಶ್ ಮಾಡಿಸಿದ ಮಾರ್ಟಿನಿ-ಹೆನ್ರಿ, ಅಂದರೆ ವಿಕ್ಟೋರಿಯಾ ರಾಣಿಯ ಕಾಲದ ಬ್ರಿಟಿಷ್ ಸೇನೆಯ ಒಂಟಿಗುಂಡಿನ ಕೋವಿ, ಅಸಲಿಯೋ, ಅಫ್ಘನ್ ಗಡಿಯ ಖೈಬರ್ ಕಣಿವೆಯ ಸ್ಥಳೀಯ ಕಮ್ಮಾರರು ಮಾಡಿದ ನಕಲೋ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಅಸಲಿಯೇ!

ನೀವು ಹೇಳಿದಂತೆ ಟಾರ್ಚನ್ನು ಓರೆಯಾಗಿ ಹಿಡಿದು ಬಲಬದಿಯ ಮುದ್ರೆಯನ್ನು ಓದಿದೆ. ಮೇಲೆ ಕಿರೀಟ, ಅದರಡಿ ವಿ.ಆರ್. (ವಿಕ್ಟೋರಿಯಾ ರೆಜೈನಾ, ಅಂದರೆ ರಾಣಿ ವಿಕ್ಟೋರಿಯಾ), ಆಮೇಲೆ ಬ್ರಿಟಿಷ್ ಸರ್ಕಾರಿ ಕೋವಿ ಕಾರ್ಖಾನೆಯಿದ್ದ ಊರು ಎನ್‌ಫೀಲ್ಡ್, ತಯಾರಾದ ವರ್ಷ 1878, ಕೊನೆಗೆ ಎರಡನೆಯ ಮಾದರಿಯನ್ನು ಸೂಚಿಸುವ ರೋಮನ್ ಅಂಕಿ. ನಕಲಿಗಳಲ್ಲಿ ಎಷ್ಟೋ ಸಲ ಕಾಣುವ ತಿರುಗುಮುರುಗಾದ ಇಂಗ್ಲಿಷ್ ‘ಎನ್’ ಅಕ್ಷರ ಇಲ್ಲಿಲ್ಲ. ಅಕ್ಷರಗಳ ಸಾಲು ಎಲ್ಲಿಯೂ ಓಲಾಡಿಲ್ಲ. ನಳಿಗೆಯೊಳಗೆ ಹೆನ್ರಿ ಪದ್ಧತಿಯ ಏಳು ಸುರುಳಿ ಗೆರೆಗಳು ಸ್ಪಷ್ಟವಾಗಿವೆ. ಕೆಳಗಿನ ಸನ್ನೆಯನ್ನು ಎಳೆದರೆ ಬ್ಲಾಕ್, ಅಂದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ತುಂಡು, ಅಲುಗಾಡದೆ, ತಡೆಯಿಲ್ಲದೆ ಇಳಿಯುತ್ತದೆ.

ಹೊಟ್ಟೆ ಉರಿಯುವುದು ಪಾಲಿಶ್ ನೋಡಿದಾಗ. ಉಕ್ಕಿನ ಅಂಚುಗಳೆಲ್ಲ ದುಂಡಗಾಗಿವೆ, ಕಿರೀಟದ ತುದಿ ಮಾಸಿದೆ. ಮರವನ್ನು ಎಷ್ಟು ಉಜ್ಜಿದ್ದಾರೆಂದರೆ ಹಿಂಬದಿಯ ಮರದ ಮೇಲಿರಬೇಕಾದ ದುಂಡು ಮುದ್ರೆಯ ಸುಳಿವೇ ಇಲ್ಲ. ಆ ಹೊಳಪಿಗೇ ವ್ಯಾಪಾರಿ ಹೆಚ್ಚು ಹಣ ಕೇಳುತ್ತಿದ್ದಾರೆ. ಸಂಗ್ರಾಹಕರ ಲೆಕ್ಕದಲ್ಲಿ ಬೆಲೆ ಇಳಿಯಬೇಕಾದದ್ದೂ ಅದಕ್ಕೇ. ಕಾರಣ ವಿವರಿಸಿ, ಕಡಿಮೆ ಬೆಲೆಗೆ ಕೇಳಿ ಬಂದಿದ್ದೇನೆ. ಒಪ್ಪಿದರೆ ತರುತ್ತೇನೆ. ಇನ್ನು ಮುಂದೆ ಅದಕ್ಕೆ ಎಣ್ಣೆಬಟ್ಟೆಯ ಹೊರತು ಬೇರೇನೂ ಸೋಕದು.