ಥಿಯರೆಟಿಕಲ್ ನ್ಯೂರೋಸೈನ್ಸ್ ಸಮ್ಮರ್ ಸ್ಕೂಲ್‌ಗೆ ಸೀಟು ಸಿಕ್ಕಿದೆ, ಜೀವಶಾಸ್ತ್ರ ಗೊತ್ತಿಲ್ಲ. ಹೋಗುವ ಮೊದಲು ಏನು ಓದಲಿ?

ಐಸಿಂಗ್_ಹುಡುಗ

ಎಲ್ಲರಿಗೂ ನಮಸ್ಕಾರ. ಭೌತಶಾಸ್ತ್ರದಲ್ಲಿ ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಥಿಯರೆಟಿಕಲ್ ನ್ಯೂರೋಸೈನ್ಸ್ (ಮಿದುಳನ್ನು ಗಣಿತದ ಮಾದರಿಗಳಿಂದ ಅರ್ಥ ಮಾಡಿಕೊಳ್ಳುವುದು) ಮತ್ತು ಸಂಕೀರ್ಣ ವ್ಯವಸ್ಥೆಗಳ ಬಗ್ಗೆ ಒಂದು ಸಮ್ಮರ್ ಸ್ಕೂಲ್‌ಗೆ ಅರ್ಜಿ ಹಾಕಿದ್ದೆ, ಸೀಟು ಸಿಕ್ಕಿದೆ. ಬೆಳಗ್ಗೆ ಪಾಠ, ಮಧ್ಯಾಹ್ನ ಕಂಪ್ಯೂಟರ್ ಮುಂದೆ ಟ್ಯುಟೋರಿಯಲ್, ಕೊನೆಯ ಅರ್ಧ ಪೂರ್ತಿ ಪ್ರಾಜೆಕ್ಟ್. ಗಣಿತದವರು, ಜೀವಶಾಸ್ತ್ರದವರು, ಸೈಕಾಲಜಿಯವರು, ಎಂಜಿನಿಯರ್‌ಗಳು ಎಲ್ಲರೂ ಬರುತ್ತಾರಂತೆ.

ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್ ಮತ್ತು ನಾನ್‌ಲೀನಿಯರ್ ಡೈನಾಮಿಕ್ಸ್ ನನಗೆ ಚೆನ್ನಾಗಿ ಬರುತ್ತದೆ. ಪೈಥಾನ್ ಬರುತ್ತದೆ. ಆದರೆ ಜೀವಶಾಸ್ತ್ರ ಶಾಲೆಯಲ್ಲಿ ಓದಿದ್ದು ಬಿಟ್ಟರೆ ಏನೂ ಇಲ್ಲ. ಅಲ್ಲಿಗೆ ಹೋಗುವ ಮೊದಲು ಎಷ್ಟು ಓದಿಕೊಳ್ಳಬೇಕು? ಪ್ರಾಜೆಕ್ಟ್‌ಗೆ "ಮಿದುಳು ಕ್ರಿಟಿಕಲ್ ಸ್ಥಿತಿಯಲ್ಲಿ ಕೆಲಸ ಮಾಡುತ್ತದೆಯೇ" (ಅಂದರೆ ಚಟುವಟಿಕೆ ಆರಿಹೋಗುವುದಕ್ಕೂ ಎಲ್ಲೆ ಮೀರಿ ಹರಡುವುದಕ್ಕೂ ನಡುವಿನ ಅಂಚಿನಲ್ಲಿದೆಯೇ) ಅನ್ನುವ ಪ್ರಶ್ನೆ ಎತ್ತಿಕೊಳ್ಳುವ ಆಸೆ ಇದೆ, ಅದು ಸರಿಯೇ? ನಮ್ಮ ಗೈಡ್ ಮಾತ್ರ, ಇದೆಲ್ಲ ಬಿಟ್ಟು ಮೊದಲು ಪ್ರಬಂಧ ಮುಗಿಸು ಅನ್ನುತ್ತಿದ್ದಾರೆ. ಹೋಗಿ ಬಂದವರು ಹೇಳಿ.

ನಲ್‌ಕ್ಲೈನ್

ಅಭಿನಂದನೆ! ಖಂಡಿತ ಹೋಗಿ.

ಜೀವಶಾಸ್ತ್ರದ ದಪ್ಪ ಪುಸ್ತಕ ಹಿಡಿದು ಮೊದಲ ಪುಟದಿಂದ ಓದಲು ಕೂರಬೇಡಿ, ಮುಗಿಯುವುದೂ ಇಲ್ಲ, ನೆನಪೂ ಉಳಿಯುವುದಿಲ್ಲ. ಅದರ ಬದಲು ಒಂದೇ ಒಂದು ವಿಷಯವನ್ನು ತಳಮುಟ್ಟ ತಿಳಿದುಕೊಂಡು ಹೋಗಿ, ಅದು ಹಾಜ್‌ಕಿನ್–ಹಕ್ಸ್‌ಲಿ ಮಾದರಿ, ನರಕೋಶದಲ್ಲಿ ವಿದ್ಯುತ್ ಸಂಕೇತ ಹೇಗೆ ಹುಟ್ಟುತ್ತದೆ ಅಂತ ಹೇಳುವ ಸಮೀಕರಣಗಳು. ಅವರು ಸ್ಕ್ವಿಡ್ ಅನ್ನುವ ಸಮುದ್ರಜೀವಿಯ ದೈತ್ಯ ಆಕ್ಸಾನ್ (ನರಕೋಶದ ಉದ್ದನೆಯ ತಂತು) ಮೇಲೆ ಪ್ರಯೋಗ ಮಾಡಿ 1952ರಲ್ಲಿ ಪ್ರಕಟಿಸಿದ್ದು. ಆ ಆಕ್ಸಾನ್ ಸುಮಾರು ಅರ್ಧ ಮಿಲಿಮೀಟರ್ ದಪ್ಪ ಇರುವುದರಿಂದ ಅದರೊಳಗೆ ತಂತಿ ತೂರಿಸಿ, ವೋಲ್ಟೇಜ್ ಅಲುಗಾಡದಂತೆ ಹಿಡಿದು, ಎಷ್ಟು ಕರೆಂಟ್ ಹರಿಯುತ್ತದೆ ಅಂತ ಅಳೆಯಲು ಸಾಧ್ಯವಾಯಿತು. ಸೋಡಿಯಂ, ಪೊಟ್ಯಾಸಿಯಂ, ಗೇಟ್ (ಅವುಗಳ ಹರಿವನ್ನು ತೆರೆದು ಮುಚ್ಚುವ ಬಾಗಿಲು), ಸ್ಪೈಕ್ (ನರಕೋಶದ ಕ್ಷಣಿಕ ವಿದ್ಯುತ್ ಮಿಡಿತ), ಇಷ್ಟೂ ಜೀವಶಾಸ್ತ್ರ ನಿಮಗೆ ಅಲ್ಲೇ ಸಿಗುತ್ತದೆ, ಅದೂ ನಿಮಗೆ ಅಭ್ಯಾಸ ಇರುವ ಸಮೀಕರಣಗಳ ರೂಪದಲ್ಲಿ.

ಕೋಡ್ ನೀವೇ ಬರೆಯಿರಿ. ಸಿದ್ಧ ಪ್ಯಾಕೇಜ್ ಬೇಡ, ಅದು ಆಮೇಲೆ ಇದ್ದೇ ಇದೆ. ನಾಲ್ಕು ಚರಗಳು: ವೋಲ್ಟೇಜ್, ಜೊತೆಗೆ ಎಂ, ಎಚ್, ಎನ್ ಅನ್ನುವ ಮೂರು ಗೇಟ್‌ಗಳು. ಓಡಿಸಿ ನೋಡಿದ ಮೇಲೆ ನಾಲ್ಕನ್ನು ಎರಡಕ್ಕೆ ಇಳಿಸಿ. ಎಂ ತುಂಬಾ ವೇಗದ ಗೇಟ್, ವೋಲ್ಟೇಜ್ ಬದಲಾದ ತಕ್ಷಣ ಅದಕ್ಕೆ ಹೊಂದಿಕೊಳ್ಳುತ್ತದೆ, ಹಾಗಾಗಿ ಅದಕ್ಕೆ ಬೇರೆ ಸಮೀಕರಣ ಬೇಕಿಲ್ಲ. ಎಚ್ ಮತ್ತು ಎನ್ ಎರಡನ್ನೂ ಪ್ಲಾಟ್ ಮಾಡಿದರೆ ಒಂದು ಏರುವಾಗ ಇನ್ನೊಂದು ಇಳಿಯುತ್ತದೆ, ಮೊತ್ತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಲ್ಲಿಗೆ ಇನ್ನೊಂದು ಚರ ಹೋಯಿತು. ಉಳಿದ ಎರಡನ್ನು ಫೇಸ್ ಪ್ಲೇನ್ (ಎರಡು ಚರಗಳೇ ಎರಡು ಅಕ್ಷಗಳಾದ ನಕ್ಷೆ) ಮೇಲೆ ಬರೆಯಬಹುದು, ಫಿಟ್ಜ್‌ಹ್ಯೂ 1961ರಲ್ಲಿ ಇದೇ ದಾರಿಯಲ್ಲಿ ಯೋಚಿಸಿದ್ದು. ಆಗ ಸ್ಪೈಕ್ ಯಾಕೆ ಹುಟ್ಟುತ್ತದೆ ಅನ್ನುವುದು ಕಣ್ಣಿಗೆ ಕಾಣುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಹಾಜ್‌ಕಿನ್ 1948ರಲ್ಲೇ ಏಡಿಯ ನರತಂತುಗಳಲ್ಲಿ ಮುಖ್ಯವಾಗಿ ಎರಡು ಬಗೆ ಇದೆ ಅಂತ ಗುರುತಿಸಿದ್ದರು. ಕರೆಂಟ್ ನಿಧಾನ ಹೆಚ್ಚಿಸಿದರೆ ಒಂದು ಬಗೆಯವು ತೀರಾ ಕಡಿಮೆ ವೇಗದಲ್ಲಿ ಸ್ಪೈಕ್ ಶುರು ಮಾಡುತ್ತವೆ. ಇನ್ನೊಂದು ಬಗೆಯವು ಸುಮ್ಮನೆ ಇದ್ದು ಒಮ್ಮೆಗೇ ಒಂದು ನಿರ್ದಿಷ್ಟ ವೇಗದಲ್ಲಿ ಶುರುವಾಗುತ್ತವೆ. ಮೊದಲನೆಯದಕ್ಕೆ ಸ್ಯಾಡಲ್–ನೋಡ್, ಎರಡನೆಯದಕ್ಕೆ ಹಾಫ್ ಬೈಫರ್ಕೇಶನ್ (ಕರೆಂಟ್ ಸ್ವಲ್ಪ ಬದಲಾದಾಗ ವರ್ತನೆಯ ಬಗೆಯೇ ಬದಲಾಗುವ ತಿರುವು) ಕಾರಣ ಅಂತ ಆಮೇಲೆ ಗಣಿತದಿಂದ ಅರ್ಥವಾಯಿತು. ಪ್ರಯೋಗದಲ್ಲಿ ಕಂಡದ್ದು ಮತ್ತು ನಿಮಗೆ ಗೊತ್ತಿರುವ ಗಣಿತ ಎರಡೂ ಇಷ್ಟು ಚೆನ್ನಾಗಿ ಕೂಡುವ ಜಾಗ ನನಗೆ ಬೇರೆ ಗೊತ್ತಿಲ್ಲ. ಇಷ್ಟು ಕೈಗೆ ಬಂದರೆ ಮೊದಲ ವಾರದ ಪಾಠಗಳು ಆರಾಮಾಗಿ ಅರ್ಥವಾಗುತ್ತವೆ.

ಎಲೆಕ್ಟ್ರೋಡ್_ಅಕ್ಕ

ನಾನು ಆ ಕಡೆಯವಳು, ಲ್ಯಾಬ್‌ನಲ್ಲಿ ರೆಕಾರ್ಡಿಂಗ್ ಮಾಡುವವಳು. ಮೇಲೆ ಹೇಳಿದ್ದು ಸರಿ, ಆದರೆ ಒಂದೇ ನರಕೋಶದಲ್ಲಿ ನಿಲ್ಲಬೇಡಿ.

ಇಂಥದ್ದೇ ಒಂದು ಶಾಲೆಯಲ್ಲಿ ನನಗೆ ಜೊತೆಯಾಗಿ ಸಿಕ್ಕವರು ಗಣಿತದವರು. ನನ್ನ ದತ್ತಾಂಶ ನೋಡಿದವರೇ ಅವರು ಕೇಳಿದ ಮೊದಲ ಪ್ರಶ್ನೆ, ಇದರಲ್ಲಿ ಏನನ್ನು ಕೈಬಿಟ್ಟರೂ ನಿಮ್ಮ ಉತ್ತರ ಬದಲಾಗುವುದಿಲ್ಲ? ನಮ್ಮ ತರಬೇತಿಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ, ನಮಗೆ ಪ್ರತಿಯೊಂದು ಚಾನಲ್ಲೂ ಮುಖ್ಯ. ಅವರಿಗೂ ನಾನು ತಿರುಗಿ ಕೇಳಿದೆ, ನೀವು ಕೈಬಿಟ್ಟಿದ್ದು ನಿಜವಾಗಿಯೂ ಲೆಕ್ಕಕ್ಕೆ ಬರುವುದಿಲ್ಲ ಅಂತ ಯಾವ ಪ್ರಯೋಗ ಹೇಳುತ್ತದೆ? ಈ ಜಗಳದಲ್ಲಿ ಕಲಿತಷ್ಟು ನಾನು ಯಾವ ಪಾಠದಲ್ಲೂ ಕಲಿಯಲಿಲ್ಲ. ಪಾಠಗಳ ಟಿಪ್ಪಣಿ ಮನೆಯಲ್ಲೂ ಓದಬಹುದು, ಈ ಜಗಳಕ್ಕೆ ಇನ್ನೊಬ್ಬರು ಪಕ್ಕದಲ್ಲೇ ಬೇಕು. ನಿಮ್ಮ ಗೈಡ್‌ಗೆ ಇದನ್ನೇ ಹೇಳಿ ನೋಡಿ.

ಭೌತಶಾಸ್ತ್ರದವರಿಗೆ ಇಷ್ಟವಾಗುವ ಒಂದು ಉದಾಹರಣೆ. ಕಾರ್ಟೆಕ್ಸ್‌ನ (ಮಿದುಳಿನ ಹೊರಪದರದ) ಒಂದು ಕೋಶಕ್ಕೆ ಸಾವಿರಾರು ಸಿನಾಪ್ಸ್‌ಗಳಿಂದ (ಕೋಶಗಳು ಕೂಡುವ ಜಾಗಗಳಿಂದ) ಸಂಕೇತ ಬರುತ್ತದೆ. ಅಷ್ಟನ್ನೂ ಕೂಡಿಸಿದರೆ ಏರಿಳಿತ ಸರಾಸರಿಯಲ್ಲಿ ಮುಚ್ಚಿಹೋಗಿ ಸ್ಪೈಕ್‌ಗಳು ಗಡಿಯಾರದ ಹಾಗೆ ಬರಬೇಕು ಅಲ್ವಾ? ರೆಕಾರ್ಡ್ ಮಾಡಿದರೆ ಹೆಚ್ಚುಕಡಿಮೆ ಪಾಯ್ಸಾನ್ (ಪೂರ್ತಿ ಯಾದೃಚ್ಛಿಕವಾಗಿ ಬರುವ ಘಟನೆಗಳ) ಥರ, ತೀರಾ ಅಡ್ಡಾದಿಡ್ಡಿ. ಪ್ರಚೋದಿಸುವ ಮತ್ತು ತಡೆಯುವ ಸಂಕೇತಗಳು ಎರಡೂ ಜೋರಾಗಿದ್ದು ಒಂದನ್ನೊಂದು ಹೊಡೆದುಹಾಕುತ್ತವೆ, ಉಳಿಯುವ ಏರಿಳಿತವೇ ಸ್ಪೈಕ್ ಹುಟ್ಟಿಸುತ್ತದೆ, ಈ ಸಮತೋಲನಕ್ಕೆ ಯಾರೂ ನಾಬ್ ತಿರುಗಿಸಬೇಕಿಲ್ಲ, ಜಾಲ ತಾನಾಗಿಯೇ ಅಲ್ಲಿಗೆ ಬರುತ್ತದೆ ಅಂತ ವಾನ್ ವ್ರೀಸ್ವೈಕ್ ಮತ್ತು ಸೊಂಪೊಲಿನ್ಸ್ಕಿ 1996ರಲ್ಲಿ ತೋರಿಸಿದರು. ಇದನ್ನು ಓದಿಕೊಂಡು ಹೋಗಿ.

ಕ್ರಿಟಿಕಾಲಿಟಿ ಬಗ್ಗೆ ನನಗೆ ಅನುಮಾನ ಇದೆ. ಅದನ್ನು ಬಲ್ಲವರು ಹೇಳಲಿ.

ಐಸಿಂಗ್_ಹುಡುಗ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ಅನುಮಾನ ಯಾಕೆ? ಬೆಗ್ಸ್ ಮತ್ತು ಪ್ಲೆಂಜ್ 2003ರಲ್ಲಿ ಚಟುವಟಿಕೆಯ ಅಲೆಗಳ ಗಾತ್ರಕ್ಕೆ ಪವರ್ ಲಾ (ಗಾತ್ರದ ಒಂದು ಘಾತಕ್ಕೆ ತಕ್ಕಂತೆ ದೊಡ್ಡವು ಅಪರೂಪವಾಗುವ ನಿಯಮ) ತೋರಿಸಿದ್ದಾರಲ್ಲ, ಘಾತ ಮೂರರ ಅರ್ಧ, ಮೀನ್ ಫೀಲ್ಡ್ ಬ್ರಾಂಚಿಂಗ್ ಪ್ರಕ್ರಿಯೆ (ಒಂದು ಕೋಶ ಇನ್ನಷ್ಟನ್ನು ಎಬ್ಬಿಸುತ್ತಾ ಹರಡುವ ಸರಳ ಮಾದರಿ) ಹೇಳುವುದೂ ಅದನ್ನೇ.

ಹಿಮಪಾತ_2003

ಈ ವಿಷಯದಲ್ಲೇ ಪಿಎಚ್‌ಡಿ ಮಾಡುತ್ತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಆ ಪ್ರಯೋಗ ಇಲಿಯ ಕಾರ್ಟೆಕ್ಸ್ ಚೂರುಗಳ ಮೇಲೆ ನಡೆದಿದ್ದು, 60 ಎಲೆಕ್ಟ್ರೋಡ್‌ಗಳ ಜಾಲರಿ ಇಟ್ಟು. ಸಮಯವನ್ನು ಸಣ್ಣ ಬಿನ್‌ಗಳಾಗಿ ಕತ್ತರಿಸುತ್ತಾರೆ. ಎರಡು ಖಾಲಿ ಬಿನ್‌ಗಳ ನಡುವೆ ಬಿಡದೆ ಬಂದ ಚಟುವಟಿಕೆ ಒಂದು ಅವಲಾಂಚ್. ಅಂದರೆ ಬಿನ್ ಅಗಲ ಬದಲಿಸಿದರೆ ಅವಲಾಂಚ್‌ಗಳೇ ಬದಲಾಗುತ್ತವೆ. ಬಿನ್ ಚಿಕ್ಕದಾದರೆ ದೊಡ್ಡವು ತುಂಡಾಗಿ ಸಣ್ಣವು ಜಾಸ್ತಿಯಾಗುತ್ತವೆ, ಗೆರೆ ಕಡಿದಾಗುತ್ತದೆ. ಮೂರರ ಅರ್ಧ ಸಿಗುವುದು ಒಂದು ನಿರ್ದಿಷ್ಟ ಬಿನ್ ಆಯ್ಕೆಯಲ್ಲಿ. ಅವರೂ ಇದನ್ನು ಮುಚ್ಚಿಟ್ಟಿಲ್ಲ, ಆ ಆಯ್ಕೆಗೆ ಕಾರಣ ಕೊಟ್ಟಿದ್ದಾರೆ.

ಎರಡನೆಯದು, ಲಾಗ್–ಲಾಗ್ ಪ್ಲಾಟ್‌ನಲ್ಲಿ ನೇರ ಗೆರೆ ಕಂಡರೆ ಪವರ್ ಲಾ ಅಂತ ಹೇಳಲಾಗುವುದಿಲ್ಲ. ಲಾಗ್‌ನಾರ್ಮಲ್ ಅನ್ನುವ ಬೇರೆ ಹಂಚಿಕೆ ಕೂಡ ಸಾಕಷ್ಟು ದೂರ ನೇರವಾಗಿಯೇ ಕಾಣುತ್ತದೆ. ಕ್ಲಾಸೆಟ್, ಶಲೀಜಿ, ನ್ಯೂಮನ್ 2009ರಲ್ಲಿ ಕೊಟ್ಟ ವಿಧಾನ ಬಳಸಿ: ಘಾತವನ್ನು ಮ್ಯಾಕ್ಸಿಮಮ್ ಲೈಕ್ಲಿಹುಡ್‌ನಿಂದ (ದತ್ತಾಂಶ ಬರುವ ಸಾಧ್ಯತೆ ಅತಿ ಹೆಚ್ಚಾಗುವ ಬೆಲೆ ಹುಡುಕಿ) ತೆಗೆಯುವುದು, ಆಮೇಲೆ ಬೇರೆ ಹಂಚಿಕೆಗಳ ಜೊತೆ ಹೋಲಿಸುವುದು. ಅದೂ ಪಾಸಾದರೂ ಕೆಲಸ ಮುಗಿಯಲಿಲ್ಲ, ಕ್ರಿಟಿಕಲ್ ಅಲ್ಲದ ಸಾಧಾರಣ ಯಾದೃಚ್ಛಿಕ ಪ್ರಕ್ರಿಯೆಗಳಿಂದಲೂ ಇಂಥ ಗೆರೆ ಬರಬಹುದು ಅಂತ ಟೂಬೂಲ್ ಮತ್ತು ಡೆಸ್ಟೆಕ್ಸ್ 2010ರಲ್ಲಿ ತೋರಿಸಿದ್ದಾರೆ.

ಹಾಗಾದರೆ ಏನು ಪರೀಕ್ಷಿಸಬೇಕು? ಗಾತ್ರದ ಘಾತ ಒಂದೇ ಸಾಲದು. ಅವಲಾಂಚ್ ಎಷ್ಟು ಹೊತ್ತು ಇರುತ್ತದೆ ಅನ್ನುವುದಕ್ಕೂ ಒಂದು ಘಾತ ಇದೆ. ಅವಧಿ ಹೆಚ್ಚಿದಂತೆ ಸರಾಸರಿ ಗಾತ್ರ ಹೇಗೆ ಬೆಳೆಯುತ್ತದೆ ಅನ್ನುವುದಕ್ಕೆ ಮೂರನೆಯದು. ಕ್ರಿಟಿಕಲ್ ಆಗಿದ್ದರೆ ಈ ಮೂರಕ್ಕೂ ಸಂಬಂಧ ಇರಲೇಬೇಕು: ಅವಧಿಯ ಘಾತದಿಂದ ಒಂದು ಕಳೆದು, ಗಾತ್ರದ ಘಾತದಿಂದ ಒಂದು ಕಳೆದದ್ದರಿಂದ ಭಾಗಿಸಿದರೆ ಮೂರನೆಯದು ಬರಬೇಕು. ಮೀನ್ ಫೀಲ್ಡ್‌ನಲ್ಲಿ 2 ಮತ್ತು 1.5, ಹಾಗಾಗಿ ಮೂರನೆಯದೂ 2. ಜೊತೆಗೆ ಸ್ಪೈಕ್‌ಗಳ ಸಮಯವನ್ನು ಕಲೆಸಿ ಇದನ್ನೇ ಮತ್ತೆ ಲೆಕ್ಕ ಹಾಕಿ. ಕಲೆಸಿದ ಮೇಲೂ ಎಲ್ಲ ಹಾಗೇ ಉಳಿದರೆ, ನೀವು ಕಂಡದ್ದು ಕೋಶಗಳ ನಡುವಿನ ಸಂಬಂಧದಿಂದ ಬಂದದ್ದಲ್ಲ.

ಇನ್ನು ಸಬ್‌ಸ್ಯಾಂಪ್ಲಿಂಗ್. ಕೋಟ್ಯಂತರ ಕೋಶಗಳಲ್ಲಿ ನಿಮಗೆ ಕಾಣುವುದು ನೂರಾರು. ಹಾಗಿದ್ದಾಗ ಬ್ರಾಂಚಿಂಗ್ ಅನುಪಾತವನ್ನು (ಒಂದು ಸ್ಪೈಕ್ ಸರಾಸರಿ ಎಷ್ಟು ಹೊಸ ಸ್ಪೈಕ್ ಎಬ್ಬಿಸುತ್ತದೆ ಅನ್ನುವುದನ್ನು) ಸುಮ್ನೆ ಲೆಕ್ಕ ಹಾಕಿದರೆ ಇರುವುದಕ್ಕಿಂತ ಕಡಿಮೆ ಬರುತ್ತದೆ. ಇದನ್ನು ಸರಿಪಡಿಸುವ ವಿಧಾನವನ್ನು ವಿಲ್ಟಿಂಗ್ ಮತ್ತು ಪ್ರೀಸೆಮನ್ 2018ರಲ್ಲಿ ಕೊಟ್ಟರು. ಅದರ ಪ್ರಕಾರ ಜೀವಂತ ಪ್ರಾಣಿಯ ಕಾರ್ಟೆಕ್ಸ್ ಕ್ರಿಟಿಕಲ್ ಬಿಂದುವಿಗೆ ಹತ್ತಿರ, ಆದರೆ ಸ್ವಲ್ಪ ಕೆಳಗೆ. ನನಗೆ ಈ ಉತ್ತರ ಹೆಚ್ಚು ಇಷ್ಟ, ಯಾಕೆಂದರೆ ಬಿಂದುವಿನ ಮೇಲೆಯೇ ನಿಂತ ಮಿದುಳು ಅಪಸ್ಮಾರದ ಕಡೆ ಜಾರುವ ಅಪಾಯ ಇದೆ ಅನ್ನುವ ವಾದಕ್ಕೂ ಇದು ಹೊಂದುತ್ತದೆ.

ಪ್ರಾಜೆಕ್ಟ್‌ಗೆ ಪ್ರಶ್ನೆಯನ್ನು ಕಿರಿದು ಮಾಡಿ. "ಮಿದುಳು ಕ್ರಿಟಿಕಲ್ಲೇ" ಅಂತ ಕೇಳಿದರೆ ಎರಡು ವಾರದಲ್ಲಿ ಏನೂ ಆಗುವುದಿಲ್ಲ. ಉತ್ತರ ಗೊತ್ತಿರುವ ಒಂದು ಬ್ರಾಂಚಿಂಗ್ ಮಾದರಿ ನೀವೇ ಕಟ್ಟಿ, ಅದರಲ್ಲಿ ಕೆಲವು ಕೋಶಗಳನ್ನು ಮಾತ್ರ ನೋಡಿದರೆ ಘಾತಗಳು ಎಷ್ಟು ಕೆಡುತ್ತವೆ ಅಂತ ಕೇಳಿ. ಇದು ಮುಗಿಯುವ ಪ್ರಾಜೆಕ್ಟ್.

ಬೀಜಗಣಿತ_ಬಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ ಈ ಸಲ ಸೀಟು ಸಿಗಲಿಲ್ಲ. ಮನೆಯಲ್ಲೇ ಕುಳಿತು ಇದನ್ನೆಲ್ಲ ಕಲಿಯಲು ದಾರಿ ಇದೆಯೇ?

ನಲ್‌ಕ್ಲೈನ್

ಇದೆ. ನ್ಯೂರೋಮ್ಯಾಚ್ ಅಕಾಡೆಮಿ 2020ರಲ್ಲಿ ಆನ್‌ಲೈನ್ ಆಗಿಯೇ ಶುರುವಾಗಿದ್ದು. ಪಾಠ, ಪೈಥಾನ್ ನೋಟ್‌ಬುಕ್ ಎಲ್ಲ ವೆಬ್‌ನಲ್ಲಿ ಉಚಿತ, ಕೋರ್ಸ್‌ಗೆ ಸೇರದಿದ್ದರೂ ನೋಡಬಹುದು. ಸೇರಿದರೆ ಸಣ್ಣ ಗುಂಪು ಮತ್ತು ಕಲಿಸುವ ಸಹಾಯಕರು ಸಿಗುತ್ತಾರೆ, ಆ ಗುಂಪೇ ಮುಖ್ಯ. ಮುಂದಿನ ವರ್ಷಕ್ಕೆ ಅಮೆರಿಕದ ವುಡ್ಸ್ ಹೋಲ್‌ನ ಕಂಪ್ಯುಟೇಶನಲ್ ನ್ಯೂರೋಸೈನ್ಸ್ ಕೋರ್ಸ್, ಜಪಾನಿನ ಓಕಿನಾವಾದ್ದು, ಸಂಕೀರ್ಣ ವ್ಯವಸ್ಥೆಗಳ ಕಡೆ ಒಲವಿದ್ದರೆ ಸಾಂಟಾ ಫೆ ಇನ್‌ಸ್ಟಿಟ್ಯೂಟ್‌ನದು ನೋಡಿ. ಅರ್ಜಿಯಲ್ಲಿ ನನಗೆ ಮಿದುಳಿನಲ್ಲಿ ಆಸಕ್ತಿ ಅಂತ ಬರೆದರೆ ಸಾಲದು. ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ, ಇಷ್ಟು ಗಣಿತ ನನ್ನ ಬಳಿ ಇದೆ, ಇಷ್ಟು ಇಲ್ಲ ಅಂತ ನೇರವಾಗಿ ಬರೆಯಿರಿ.

ಐಸಿಂಗ್_ಹುಡುಗ

ಸಬ್‌ಸ್ಯಾಂಪ್ಲಿಂಗ್ ಪ್ರಾಜೆಕ್ಟ್ ತುಂಬಾ ಹಿಡಿಸಿತು, ಅದನ್ನೇ ಬರೆದು ಕಳಿಸುತ್ತೇನೆ. ಗೈಡ್ ಹತ್ತಿರ ನಾಳೆಯೇ ಮಾತಾಡುತ್ತೇನೆ. ಅಕ್ಕ, ಮಾದರಿ ಆದ ಮೇಲೆ ನಿಜವಾದ ದತ್ತಾಂಶಕ್ಕೂ ಹಚ್ಚಿ ನೋಡಬೇಕು ಅಂದರೆ ಯಾವ ರೀತಿಯದು ಕೇಳಲಿ?

ಎಲೆಕ್ಟ್ರೋಡ್_ಅಕ್ಕ

ಮೊದಲು ಸಾರ್ಟ್ ಆದ (ಯಾವ ಸ್ಪೈಕ್ ಯಾವ ಕೋಶದ್ದು ಅಂತ ಬೇರ್ಪಡಿಸಿದ) ಸ್ಪೈಕ್ ದತ್ತಾಂಶ ತೆಗೆದುಕೊಳ್ಳಿ, ಅಲೆನ್ ಇನ್‌ಸ್ಟಿಟ್ಯೂಟ್‌ನವರು ಮೌಸ್‌ಗಳ (ಚಿಕ್ಕ ಇಲಿಗಳ) ದೃಷ್ಟಿ ಕಾರ್ಟೆಕ್ಸ್‌ನದನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಪ್ರಾಣಿ ಎಚ್ಚರ ಇತ್ತೇ, ಅರಿವಳಿಕೆಯಲ್ಲಿತ್ತೇ, ಓಡುತ್ತಿತ್ತೇ, ಸುಮ್ಮನೆ ನಿಂತಿತ್ತೇ ಅಂತ ನೋಡಿ ಬೇರೆ ಬೇರೆ ಮಾಡಿ, ಒಟ್ಟಿಗೆ ಹಾಕಿ ಸರಾಸರಿ ತೆಗೆಯಬೇಡಿ. ಸಾರ್ಟಿಂಗ್‌ನಲ್ಲಿ ಒಂದೇ ಕೋಶ ಎರಡಾಗಿ ಒಡೆದಿರಬಹುದು, ಎರಡು ಸೇರಿ ಒಂದಾಗಿರಬಹುದು, ಗುಣಮಟ್ಟದ ಅಂಕಣ ಜೊತೆಯಲ್ಲೇ ಇರುತ್ತದೆ, ಕೆಟ್ಟವನ್ನು ಬಿಟ್ಟು ಒಮ್ಮೆ, ಸೇರಿಸಿ ಒಮ್ಮೆ ಲೆಕ್ಕ ಹಾಕಿ. ನಿಮ್ಮ ಘಾತ ಅಷ್ಟಕ್ಕೇ ಬದಲಾದರೆ ಅದನ್ನೂ ವರದಿಯಲ್ಲಿ ಬರೆಯಿರಿ. ಪ್ಲಾಟ್ ಬಂದ ಮೇಲೆ ಇಲ್ಲಿ ಹಾಕಿ, ನೋಡೋಣ.